ಪಟ್ಟಿಯಲ್ಲಿ ಬರೆಯದ ಹೆಸರು

ನನಗೆ ಡಿಗ್ರಿ ಆಗದ ಮಾತು ಎಂದವರು ದೊಡ್ಡಪ್ಪ. ಬೆಟಗೇರಿಯ ನಮ್ಮ ಚರ್ಚಿನ ಸಭೆಗೆ ಅವರೇ ಹಿರಿಯರು. ಅವರ ತಮ್ಮ, ಎಂದರೆ ನನ್ನ ಅಪ್ಪ, ಮಗ್ಗದಲ್ಲಿ ನೇಯುತ್ತಿದ್ದ, ಕುಡಿಯುತ್ತಿದ್ದ. "ಕುಡುಕನ ಮನ್ಯಾಗ ಡಿಗ್ರಿ ಅಂತ! ಮೊದ್ಲ ಹತ್ತನೇ ಕ್ಲಾಸ್ ದಾಟವಾ, ಆಮ್ಯಾಲ ಮಾತಾಡು," ಎಂದು ಚರ್ಚಿನ ಮೆಟ್ಟಿಲ ಮೇಲೆ ಎಲ್ಲರಿಗೂ ಕೇಳುವಂತೆ ನಕ್ಕಿದ್ದರು.

ಹಠ ಹಿಡಿದೆ. ಮಗ್ಗದ ಸದ್ದಿನಲ್ಲೇ ಓದಿದೆ. ಶುಕ್ರವಾರ ಉಪವಾಸ, ದಿನಾ ನಸುಕಿನಲ್ಲಿ ಪ್ರಾರ್ಥನೆ. ಪಾಸಾದಾಗಲೆಲ್ಲ ಅದು ನನ್ನ ನಡತೆಗೆ ದೇವರು ಕೊಟ್ಟ ಕೂಲಿ ಎಂದುಕೊಂಡೆ. ಕೃಪೆ ಎಂಬ ಮಾತು ಹಾಡಿನಲ್ಲಿ ಬರುತ್ತಿತ್ತು, ಹಾಡುತ್ತಿದ್ದೆ, ಅಷ್ಟೇ.

ನಮ್ಮಲ್ಲಿ ತಿಂಗಳಿಗೊಮ್ಮೆ ಭಾನುವಾರ ಯೇಸುವಿನ ನೆನಪಿಗೆ ನಡೆಯುವ ಕರ್ತನ ಭೋಜನಕ್ಕೆ ಬರುವವರು ಹಿಂದಿನ ಶನಿವಾರವೇ ಹೆಸರು ಬರೆಸಬೇಕು. ಪಟ್ಟಿಯಲ್ಲಿ ಇಲ್ಲದವರಿಗೆ ರೊಟ್ಟಿಯೂ ಇಲ್ಲ, ದ್ರಾಕ್ಷಾರಸವೂ ಇಲ್ಲ. ನಾನು ಕಾಲೇಜು ಸೇರಿದ ಮೇಲೆ ಆ ಪಟ್ಟಿ ಬರೆಯುವ ಕೆಲಸವನ್ನು ದೊಡ್ಡಪ್ಪನೇ ನನಗೆ ಕೊಟ್ಟರು. ಅವತ್ತು ನೆಲದ ಮೇಲೆ ನಡೆದವಳಲ್ಲ ನಾನು.

ಕೊನೆಯ ವರ್ಷದ ಒಂದು ಶನಿವಾರ ಅಪ್ಪ ಬಂದು ಮುಂದೆ ನಿಂತ. ಗಡ್ಡ ತೆಗೆಸಿದ್ದ, ಒಗೆದ ಅಂಗಿ ತೊಟ್ಟಿದ್ದ. ಲಿವರ್ ಕೆಟ್ಟು ಹೊಟ್ಟೆ ಊದಿತ್ತು; ಕಣ್ಣು ಹಳದಿ.

"ನಂದೂ ಒಂದ್ ಹೆಸರು ಬರಿಯವ್ವಾ."

"ಮೊನ್ನಿ ಕುಡದಿಯಲ್ಲಪ್ಪಾ?"

"ಹೂಂ, ಕುಡದೇನಿ. ಬಿಡಾಕ ಆಗವಲ್ದು. ಅದಕ್ಕ ಬರ್ತೀನಿ ಅನ್ನಾಕತ್ತೇನಿ."

"ಬಿಟ್ಟು ಬಾ. ಆಗ ಬರೀತೀನಿ."

"ಆತ್ರಿ ಅಕ್ಕೋರ, ನೀವು ಹೇಳಿದಂಗ," ಎಂದು ಶಾಲೆಯ ಹುಡುಗನಂತೆ ಕೈಕಟ್ಟಿ ನಕ್ಕು ಹೋದ.

ಮರುದಿನ ಕೊನೆಯ ಬೆಂಚಿನಲ್ಲಿ ಕುಳಿತಿದ್ದ. ಭೋಜನಕ್ಕೆ ಜನ ಎದ್ದಾಗ ಕಾಲು ಒಳಗೆಳೆದುಕೊಂಡು ಎಲ್ಲರಿಗೂ ದಾರಿ ಬಿಟ್ಟ. ನಾನೂ ಅವನನ್ನು ದಾಟಿಯೇ ಹೋಗಿ ರೊಟ್ಟಿ ತಿಂದೆ. ಮುಂದಿನ ಭೋಜನದ ಭಾನುವಾರ ಬರುವ ಮೊದಲೇ ಅವನನ್ನು ಹೂಳಿದೆವು.

ಆಮೇಲೆ ಸಭೆಯ ಪಾದ್ರಿ ಅಯ್ಯನವರನ್ನು ಕೇಳಿದೆ: "ನಾ ಮಾಡಿದ್ದು ಸರಿ ಇತ್ತೇನ್ರಿ?"

ಅವರು ಅಂದರು: "ಪವಿತ್ರ ಆಗಿ ಬಾ, ಆಮ್ಯಾಲ ಕೃಪಾ ಅಂದ್ರ, ಜಳಕ ಮಾಡಿ ಬಾ, ನೀರು ಕೊಡ್ತೀನಿ ಅಂದಂಗಾತಲ್ಲವಾ ತಂಗಿ."

ಡಿಗ್ರಿ ಸರ್ಟಿಫಿಕೇಟು ಗದಗಿನ ಕಾಲೇಜಿನಲ್ಲಿ ಸಿಕ್ಕಿತು. ನಮ್ಮ ಮನೆತನಕ್ಕೆ ಮೊದಲನೆಯದು. ಇವತ್ತೂ ಎದೆಯೆತ್ತಿ ಹೇಳುತ್ತೇನೆ. ತಂದು ಅವ್ವನ ಕೈಗೆ ಕೊಟ್ಟೆ. ಓದು ಬಾರದ ಅವ್ವ ಅದರ ಮೇಲೆ ಒಮ್ಮೆ ಕೈಯಾಡಿಸಿದಳು.

"ಚಲೋ ಆತು. ನೀ ನಪಾಸಾಗಿ ಬಂದಿದ್ರೂ ನಿಮ್ಮಪ್ಪ ಬಾ ಉಣ್ಣು ಅಂತಿದ್ದ."