ನಂಬರಜ್ಜನ ತೀರ್ಪು

ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಯಮನಿಗಾದರೂ ಹೆದರದೆ ಇದ್ದಾರು, ಬಿಡಿಭಾಗಗಳ ನಂಬರು ನೋಡಿ ಕಾರು ಅಸಲಿಯೋ ಅಲ್ಲವೋ ಎಂದು ತೀರ್ಪು ಕೊಡುವ ನಂಬರಜ್ಜನಿಗೆ ಹೆದರುತ್ತಾರೆ. ಗ್ಯಾರೇಜಿಗೆ ಕಾಲಿಟ್ಟೊಡನೆ ಅಜ್ಜನ ಮೊದಲ ಮಾತು, "ಬಾನೆಟ್ ಎತ್ತಿ." ಕೊಟ್ಟ ಕಾಫಿ ಆರಿ ತಣ್ಣಗಾಗುತ್ತದೆ. ಭೂತಗನ್ನಡಿ ಹಿಡಿದು ಬೋಲ್ಟಿನ ತಲೆಯ ಗುರುತನ್ನೂ ಬಿಡದೆ ಓದುತ್ತಾರೆ. "ಇದು ಈ ಗಾಡೀದಲ್ಲ" ಅಂದರೆ ಮುಗಿಯಿತು, ದೇವರೇ ಇಳಿದು ಬಂದರೂ ಮಾತು ಬದಲಾಗದು. ಬೀಗರ ಮನೆಯಲ್ಲೂ ಕೂತ ಕುರ್ಚಿಯ ತಿರುಪು ಬೇರೆಯದೆಂದು ಹೇಳಿ ಬಂದವರು. ಈವತ್ತು, ತೀರಿಹೋದ ಅಪ್ಪನ ಕಾರನ್ನು ಎಂಟು ವರ್ಷ ಒದ್ದಾಡಿ ಮತ್ತೆ ಕಟ್ಟಿದ ಡಾಕ್ಟರಮ್ಮ ಉಸಿರು ಬಿಗಿಹಿಡಿದು ನಿಂತಿದ್ದರು. ಎಂಜಿನ್ ನಂಬರಿನ ಮೇಲೆ ಹರಿದ ಅಜ್ಜನ ಬೆರಳು ಗಕ್ಕನೆ ನಿಂತಿತು. ಎಲ್ಲ ಸರಿಯಿದೆ ಎಂದುಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಜ್ಜ ತಲೆಯೆತ್ತಿದರು. "ಇದು ಈ ಗಾಡಿ ಎಂಜಿನ್ ಅಲ್ಲಮ್ಮ. ಹಳೇ ನಂಬರ್ ಉಜ್ಜಿ ಬೇರೆ ಹೊಡೆದಿದಾರೆ." ಡಾಕ್ಟರಮ್ಮನ ಮುಖ ಕಪ್ಪಿಟ್ಟಿತು. "ಅಪ್ಪ ಇದನ್ನ ಅಸಲಿ ಅಂತಾನೇ ತಗೊಂಡಿದ್ರು. ಅಷ್ಟು ಖಚಿತವಾಗಿ ಹೇಗೆ ಹೇಳ್ತೀರಿ?" ಅಜ್ಜ ಭೂತಗನ್ನಡಿ ಜೇಬಿಗಿಟ್ಟರು. "ಈ ಏಳರ ಕಾಲು ಮುರಿದಿದೆ, ನೋಡಿ. ನಂಬರ್ ಹೊಡೆಯೋ ಆ ಮುರುಕು ಅಚ್ಚು ನನ್ನದೇ. ನಲವತ್ತು ವರ್ಷದ ಹಿಂದೆ ಇದನ್ನ ಹೊಡೆದೋನು ನಾನು." ಅಜ್ಜ ಅಲ್ಲಿಂದ ಕದಲಲಿಲ್ಲ.