ಹಾಲುಬಾಯಿಗೆ ಬಾಡಿಗೆ

‘ಈ ಹೆಸರು ನಿನ್ನದಲ್ಲ, ನಮ್ಮದು’ ಎಂದು ಯಾರಾದರೂ ನಿಮ್ಮ ಮುಖಕ್ಕೇ ಹೇಳಿದ್ದಾರೆಯೆ? ಕಳೆದ ಸೋಮವಾರ ನಮ್ಮ ಭಾವನಿಗೆ ಹೇಳಿದರು. ತಂತಿ ಕಚೇರಿಯ ಕೌಂಟರಿನಲ್ಲಿ. ನಾನು ಪಕ್ಕದಲ್ಲೇ ಇದ್ದೆ.

ಭಾವ, ಅಂದರೆ ನಮ್ಮ ಯಜಮಾನರ ಅಣ್ಣ, ಮುಂಬಯಿಯ ಭಾಂಡುಪಿನಲ್ಲಿ ಮದುವೆ ಅಡುಗೆಯ ಕಂಟ್ರಾಕ್ಟರು. ಮನೆಯಲ್ಲಿ ಫೋನಿಲ್ಲ (ಅರ್ಜಿ ಹಾಕಿದ ವರ್ಷ ಹುಟ್ಟಿದ ಮಗಳು ಈಗ ಹೈಸ್ಕೂಲಿನಲ್ಲಿದ್ದಾಳೆ). ಊರಿನವರ ಆರ್ಡರೆಲ್ಲ ತಂತಿಯಲ್ಲೇ. ತಂತಿಯಲ್ಲಿ ವಿಳಾಸದ ಒಂದೊಂದು ಪದಕ್ಕೂ ದುಡ್ಡು. ಅದಕ್ಕೇ ಭಾವ ಒಂದೇ ಪದದ ತಂತಿ ವಿಳಾಸ ನೋಂದಾಯಿಸಿಕೊಂಡಿದ್ದಾರೆ: ‘ಹಾಲುಬಾಯಿ’. ಜೊತೆಗೆ ಮುಂಬಯಿ ಎಂದು ಬರೆದರೆ ಸಾಕು, ತಂತಿ ಅವರ ಚಾಳಿನ ಬಾಗಿಲಿಗೆ ಬರುತ್ತದೆ. ನನ್ನ ಓರಗಿತ್ತಿ ಮಾಡುವ ಹಾಲುಬಾಯಿ ತಿಂದವರು ಆ ಹೆಸರು ಮರೆಯುವುದುಂಟೆ?

ಅದಕ್ಕೆ ವರ್ಷಕ್ಕೊಂದು ಫೀ. ಈ ಸಲ ಒಮ್ಮೆಗೇ ದುಪ್ಪಟ್ಟು.

“ನಾಮ್ ವಹೀ, ಘರ್ ವಹೀ. ಪೈಸಾ ಡಬಲ್ ಕಾಯ್ಕೋ ಸಾಬ್?” ಎಂದರು ಭಾವ.

“ಶೆಟ್ಟೀ, ನಾಮ್ ತೇರಾ ನಹೀ, ಹಮಾರಾ ಹೈ. ಭರೋ, ನಹೀ ತೋ ಛೋಡೋ,” ಎಂದ ಗುಮಾಸ್ತ. (ಭಾವ ಶೆಟ್ಟರಲ್ಲ. ಮುಂಬಯಿಯಲ್ಲಿ ಸೌಟು ಹಿಡಿದವರೆಲ್ಲ ಶೆಟ್ಟರೇ.) ದುಡ್ಡು ಕಟ್ಟದೆ ಹೆಸರು ಬಿಟ್ಟರೆ ಗೋರೆಗಾಂವಿನ ಇನ್ನೊಬ್ಬ ಕೇಟರರ್ ಅದೇ ಹೆಸರಿಗೆ ಕಾದು ಕೂತಿದ್ದಾನಂತೆ. ನಮ್ಮ ಮದುವೆಗಳ ತಂತಿಯೆಲ್ಲ ಅವನ ಬಾಗಿಲಿಗೆ.

“ಕಟ್ಟಬೇಡಿ ಭಾವ. ಬೇರೆ ಹೆಸರು ಇಟ್ರಾಯ್ತಪ್ಪ,” ಎಂದೆ.

“ಊರಿಡೀ ತಿರುಗಿ ಹೇಳುದು ಯಾರು, ನೀನಾ? ಈ ಸೀಸನ್ ಹೋದ್ರೆ ಅಡುಗೆಯವ್ರೆಲ್ಲ ಬಿಟ್ಟು ಹೋಗ್ತಾರೆ ಮಾರಾಯ್ತಿ. ಮತ್ತೆ ನಾನು, ನಿನ್ನ ಅಕ್ಕ ಇಬ್ರೇ ಬಡಿಸುದಾ?”

ಕಟ್ಟಿದರು.

ನನಗೆ ಇನ್ನೂ ಮೈ ಉರಿಯುತ್ತಿದೆ. ಆ ಹೆಸರಿಗಾಗಿ ಈ ಇಲಾಖೆ ಒಂದು ದಿನವಾದರೂ ಕಾಯಿ ತುರಿದಿದೆಯೆ? ಒಲೆಯ ಮುಂದೆ ನಿಂತು ತಳ ಹಿಡಿಯದಂತೆ ಮಗುಚಿದೆಯೆ? ರಿಜಿಸ್ಟರಿನಲ್ಲಿ ಒಂದು ಸಾಲು ಬರೆದಿದೆ, ಅಷ್ಟೆ. ಪದಕ್ಕಿಷ್ಟು ಎಂದು ಸುಲಿಯುವವರೂ ಅವರೇ, ಪದ ಉಳಿಸಿಕೊಂಡದ್ದಕ್ಕೆ ಬಾಡಿಗೆ ಕೇಳುವವರೂ ಅವರೇ. ಹೆಸರು ಬೆಳೆದಷ್ಟೂ ನಾವು ಬಿಡಲಾರೆವು. ಬಿಡಲಾರೆವೆಂದು ಗೊತ್ತಾಯಿತೋ, ದರ ಏರಿತು. ಸ್ಟೇಷನ್ ಹೊರಗೆ ಟೊಮೆಟೊ ದುಬಾರಿಯಾದರೆ ಮುಂದಿನ ತಳ್ಳುಗಾಡಿಗೆ ಹೋಗುತ್ತೇನೆ. ತಂತಿಗೆ ಮುಂದಿನ ಗಾಡಿ ಎಲ್ಲಿದೆ?

ದೂರು ಯಾರಿಗೆ ಕೊಡಬೇಕು ಎಂದು ಗುಮಾಸ್ತನನ್ನೇ ಕೇಳಿದೆ. ಭಾವನ ನೋಟುಗಳನ್ನು ಡ್ರಾಯರಿಗೆ ಹಾಕಿ, ತಲೆ ಕೂಡ ಎತ್ತದೆ, ಅದನ್ನೂ ಇಲ್ಲೇ ಕೊಡು ಎಂದು ಅದೇ ಕೈ ಚಾಚಿದ: “ಇಧರ್ ದೋ.”