ಮಾವನ ಸಾಸಿವೆ ಎಣ್ಣೆ, ನನ್ನ ಸಹಿ

ಬೆಳಿಗ್ಗೆ ಅಡುಗೆಮನೆಯ ಕಿಟಕಿ ತೆಗೆದರೆ ಸಾಕು, ಕೆಳಗಿನ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಿಂದ ಸಾಸಿವೆ ಎಣ್ಣೆ ಕಾಯುವ ವಾಸನೆ ಮೂಗಿಗೆ ಬಡಿಯುತ್ತದೆ. ತೆಂಗಿನೆಣ್ಣೆಯಲ್ಲಿ ಹುಟ್ಟಿ ಬೆಳೆದ ಮೂಗು ನನ್ನದು. ಮೊದಮೊದಲು ಕಿಟಕಿ ಹಾಕಿಬಿಡುತ್ತಿದ್ದೆ. ಈಗ ಹಾಕುವುದಿಲ್ಲ, ಕಾಫಿ ಲೋಟ ಹಿಡಿದು ಅಲ್ಲೇ ನಿಲ್ಲುತ್ತೇನೆ. ಆ ವಾಸನೆಯ ಜೊತೆ ನನ್ನ ಸೋದರಮಾವ ನೆನಪಾಗುತ್ತಾರೆ, ಅವರ ಹಿಂದೆಯೇ ಸ್ವಲ್ಪ ನಾಚಿಕೆಯೂ ಬರುತ್ತದೆ. ಇವತ್ತು ಹತ್ತು ಗಂಟೆಗೆ ಲೈನಿನ ಜಮಾಲ್ ಒಂದು ಕಾಗದ ಹಿಡಿದು ಬರುತ್ತೇನೆ ಅಂದಿದ್ದಾನೆ. ನನ್ನ ಸಹಿ ಬೇಕಂತೆ. ಅವನು ಬರುವಷ್ಟರೊಳಗೆ ಈ ಕಥೆಯನ್ನು ನಿಮಗೆ ಹೇಳಿ ಮುಗಿಸುತ್ತೇನೆ, ಕೂತುಕೊಳ್ಳಿ.

ವಾಸು ಮಾವ ಹುಟ್ಟಿದ್ದು ಬಿಟ್ಟಂಗಾಲದ ಕಡೆಯ ಪೂಜೆ ಭಟ್ಟರ ಮನೆಯಲ್ಲಿ. ಗಂಟೆ ಹಿಡಿಯಬೇಕಾದ ಕೈಯಲ್ಲಿ ಬಂದೂಕು ಹಿಡಿದರು. ಕೊಡಗಿನ ಗಾಳಿಯೇ ಹಾಗೆ. ಆಚೀಚೆ ಮನೆಯ ಹುಡುಗರೆಲ್ಲ ಟ್ರಂಕು ಹೊತ್ತು ಸೈನ್ಯಕ್ಕೆ ಹೊರಟರೆ ಭಟ್ಟರ ಮಗನ ಕಾಲು ಮನೆಯಲ್ಲಿ ನಿಲ್ಲುವುದುಂಟೇ? ಅವರು ಸೇರಿದ್ದು ಗಡಿ ಕಾಯುವ ಪಡೆಗೆ. ಆಯುಷ್ಯದ ಒಳ್ಳೆಯ ಭಾಗವೆಲ್ಲ ಪೂರ್ವದ ಗಡಿಯಲ್ಲಿ, ನದಿ, ಸೆಣಬಿನ ಗದ್ದೆ, ಸೊಳ್ಳೆಗಳ ನಡುವೆ ಕಳೆಯಿತು. ನಿವೃತ್ತಿಯಾಗಿ ಬರುವಾಗ ಮೂರು ವಸ್ತು ತಂದರು: ಮೀಸೆ, ಬಂಗಾಳಿ ಭಾಷೆ, ಸ್ನಾನಕ್ಕೆ ಮೊದಲು ಮೈಗೆಲ್ಲ ಸಾಸಿವೆ ಎಣ್ಣೆ ತಿಕ್ಕಿಕೊಳ್ಳುವ ಅಭ್ಯಾಸ. "ಆ ಘಾಟು ಹೋಗುವವರೆಗೆ ದೇವರ ಕೋಣೆ ಹೊಸ್ತಿಲು ದಾಟಬೇಡಿ" ಅಂತ ಅತ್ತೆ ಕೊನೆಯವರೆಗೂ ಗದರುತ್ತಿದ್ದರು. ಊರಿಗೆಲ್ಲ ಸಾಸಿವೆ ಎಣ್ಣೆಯ ವಾಸನೆ ಇದ್ದದ್ದು ಆಗ ಅವರ ಮನೆಯಲ್ಲಿ ಮಾತ್ರ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರು. ಬೋರ್ಡಿನ ಮೇಲೆ ಕೆಂಪು ಚಾಕ್‌ಪೀಸಿನಲ್ಲಿ ದೇಶದ ಗಡಿ ಬರೆದದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಕಣ್ಣು ಮುಚ್ಚಿ ಬೇಕಾದರೂ ಬರೆಯಬಲ್ಲೆ. ಬರೆದೂ ಬರೆದೂ ಬೇಸರ ಬಂದಿತ್ತೋ ಏನೋ, ಗಡಿ ಅಂದರೆ ನನಗೆ ಒಂದು ತಾತ್ಸಾರ. ಭಾನುವಾರ ಮಾವನ ಮನೆಯಲ್ಲಿ ಕಾಫಿಗೆ ಕೂತರೆ ಇದೇ ಜಗಳ.

"ಗೆರೆ ಎಳೆದದ್ದು ಮನುಷ್ಯರು ಮಾವ. ಹಕ್ಕಿಗೆ ಉಂಟಾ ಪಾಸ್‌ಪೋರ್ಟು?" ಅಂತ ನಾನು ಶುರುಮಾಡುವುದು.

"ಹಕ್ಕಿ ಬಂದು ರೇಷನ್ ಕಾರ್ಡೂ ಕೇಳುವುದಿಲ್ಲವಲ್ಲ ಮಾರಾಯ್ತಿ" ಅಂತ ಅವರು. "ಬಾಗಿಲಿಲ್ಲದ್ದಕ್ಕೆ ಮನೆ ಅನ್ನುವುದಿಲ್ಲ, ಛತ್ರ ಅಂತಾರೆ. ಬಾಗಿಲು ಬೇಕು. ಬಾಗಿಲಲ್ಲಿ ಎಚ್ಚರ ಇರುವವನೊಬ್ಬನೂ ಬೇಕು."

ಆಗ ನಾನು ಮುತ್ತಜ್ಜನನ್ನು ಎಳೆದು ತರುತ್ತಿದ್ದೆ. ನಮ್ಮ ಮುತ್ತಜ್ಜ ಘಟ್ಟದ ಕೆಳಗಿನಿಂದ ಒಂದು ತಾಮ್ರದ ಚೊಂಬು, ಒಂದು ದೇವರ ಸಂಪುಟ ಹಿಡಿದು ನಡೆದೇ ಕೊಡಗಿಗೆ ಬಂದವನು. ನಾವೂ ವಲಸೆಯವರೇ, ಅವನನ್ನು ಯಾರು ಕಾಗದ ಕೇಳಿದರು ಅನ್ನುವುದು ನನ್ನ ಬ್ರಹ್ಮಾಸ್ತ್ರ. ಮಾವ ಮೀಸೆಯಡಿ ನಗುತ್ತಿದ್ದರು. "ಕಾಗದ ಕೇಳಲಿಲ್ಲ, ಪರೀಕ್ಷೆ ಮಾಡಿದರು. ದೇವಸ್ಥಾನದ ಮುಖ್ಯಸ್ಥರು, ತಕ್ಕರು, ಮೂರು ದಿನ ಅವನನ್ನು ಜಗಲಿಯಲ್ಲಿ ಕೂರಿಸಿ ಮಂತ್ರ ಹೇಳಿಸಿದ ಮೇಲೆಯೇ ಪೂಜೆಗೆ ಬಿಟ್ಟದ್ದು. ನೋಡಿ ಬಿಟ್ಟರು. ನಾನು ಹೇಳುವುದೂ ಅಷ್ಟೇ."

ಇನ್ನೊಂದು ವಿಷಯವನ್ನು ನಾನಾಗಿಯೇ ಒಪ್ಪಿಕೊಂಡರೆ ಮರ್ಯಾದೆ. ಸೋಂಕಿನ ವರ್ಷ ಕೇರಳದ ರಸ್ತೆಗೆ ಅಡ್ಡಲಾಗಿ ಮಣ್ಣು ಸುರಿದಾಗ, "ಇಷ್ಟು ಸಾಕಾಗ್ಲಿಕ್ಕಿಲ್ಲ, ಇನ್ನೊಂದು ಲೋಡು ಸುರಿಯಲಿ" ಅಂದವಳು ನಾನೇ. ಮಾವ ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡು, ಮುಂದಿನ ಭಾನುವಾರ ಹಕ್ಕಿಯ ಮಾತು ಬಂದಾಗ "ಹಕ್ಕಿಗೆ ಎಷ್ಟು ಲೋಡು ಮಣ್ಣು ಬೇಕಾದೀತು ಟೀಚರಮ್ಮ?" ಅಂತ ಕೇಳಿದರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ಹಾಗಾಯಿತು ನನ್ನ ಕಥೆ.

ಇಷ್ಟರಲ್ಲಿ ಎಸ್ಟೇಟುಗಳಲ್ಲಿ ಜನ ಬದಲಾಗಿದ್ದರು. ಕಾಫಿ ಪಿಕ್ಕಿಂಗಿಗೆ ಊರಿನವರು ಸಾಲದೆ ಅಸ್ಸಾಮು, ಬಂಗಾಳದ ಕಡೆಯಿಂದ ಬಸ್ಸು ತುಂಬಿ ಬರತೊಡಗಿದರು. ಮಾವನ ಮನೆಯ ವಾಸನೆ ಲೈನಿನಿಂದಲೂ ಬರಲು ಶುರುವಾಯಿತು. ಮಾವನ ಮನೆಯಲ್ಲಿ ಅದು ಸೇವೆಯ ಗುರುತಾಗಿತ್ತು, ಲೈನಿನಲ್ಲಿ ಅದೇ ಅನುಮಾನದ ಗುರುತಾಯಿತು. "ಎಲ್ಲ ಬಾಂಗ್ಲಾದವರಂತೆ" ಅಂತ ಒಬ್ಬರು, "ಅವರಿಲ್ಲದಿದ್ದರೆ ನಿಮ್ಮ ಕಾಫಿ ಗಿಡದಲ್ಲೇ ಒಣಗ್ತದೆ" ಅಂತ ಇನ್ನೊಬ್ಬರು. ನಮ್ಮ ಮನೆಗೆ ಸೌದೆ ಒಡೆಯಲು ಬರುವ ಗೌರಿ ಹೇಳಿದ್ದು ಬೇರೆಯೇ: "ಅವರು ಬಂದ ಮೇಲೆ ಕೂಲಿ ಜಾಸ್ತಿ ಕೇಳುವ ಹಾಗೇ ಇಲ್ಲ ಟೀಚರೇ. ಬೇಡದಿದ್ರೆ ಬಿಡು, ಬೇರೆ ಜನ ಉಂಟು ಅಂತಾರೆ." ನಾನು ಹಕ್ಕಿ, ಆಕಾಶ ಅಂತ ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡೆ.

ಗೌರಿ ಹೀಗೆ ಹೇಳಿದ ವರ್ಷವೇ ಪೊಲೀಸ್ ಠಾಣೆಯಿಂದ ಎಲ್ಲ ಕೆಲಸಗಾರರ ಗುರುತಿನ ಕಾಗದ ಕೇಳಿದರು. ಕೆಳಗಿನ ಎಸ್ಟೇಟಿನ ಮಾಲೀಕರು ಪೂವಯ್ಯ. ಒಳ್ಳೆಯ ಮನುಷ್ಯ, ಆದರೆ ತಲೆನೋವು ಅಂದರೆ ಆಗದು. ಅವರ ಲೈನಿನಲ್ಲಿ ಮೂರು ವರ್ಷದಿಂದ ಇದ್ದ ಜಮಾಲನ ಗುರುತಿನ ಕಾರ್ಡು ತಪಾಸಣೆಗೆ ಅಸ್ಸಾಮಿಗೆ ಹೋಗಿ ವಾಪಸು ಬಂತು: ಈ ವಿಳಾಸದಲ್ಲಿ ಇಂಥ ಗ್ರಾಮವೇ ಇಲ್ಲ. ಜಮಾಲನಿಗೆ ಹೆಂಡತಿ, ಇಲ್ಲಿಯ ಅಂಗನವಾಡಿಗೆ ಹೋಗುವ ಮಗಳು. ಆ ಕಾಗದ ಸರಿಯಾಗದಿದ್ದರೆ ಶನಿವಾರದೊಳಗೆ ಲೈನು ಬಿಡಬೇಕು ಅಂದರು ಪೂವಯ್ಯ. ಹಾಗೆ ಬಿಟ್ಟುಹೋದವನನ್ನು ಇನ್ನು ಯಾವ ಎಸ್ಟೇಟು ಸೇರಿಸಿಕೊಳ್ಳುತ್ತದೆ, ಹೇಳಿ. ಕೊನೆಯ ಪ್ರಯತ್ನ ಅಂತ, ಭಾಷೆ ಬಲ್ಲ ಮಾವನನ್ನು ಕರೆಸಿದರು. ಜಮಾಲನ ಪರ ವಾದಿಸಬೇಕು ಅಂತ ನಾನೂ ಹಿಂದೆಯೇ ಹೋದೆ. ತಮಾಷೆ ನೋಡುವ ಆಸೆಯೂ ಇತ್ತು ಅನ್ನಿ.

ಕಾಫಿ ಒಣಗಿಸುವ ಕಣದಲ್ಲಿ ಮಾವನಿಗೊಂದು ಕುರ್ಚಿ. ಎದುರು ಗೋಣಿಚೀಲದ ಮೇಲೆ ಜಮಾಲ್. ಸುತ್ತ ಹತ್ತು ಜನ. "ರಾಷ್ಟ್ರಗೀತೆ ಹೇಳಿಸಿ, ಗೊತ್ತಾಗ್ತದೆ" ಅಂತ ಯಾರೋ ಕೂಗಿದರು. "ಮೊದಲು ನೀನು ಹೇಳು, ಕೊನೆವರೆಗೆ" ಅಂದರು ಮಾವ. ಕೂಗಿದವನು ಹಿಂದೆ ಸರಿದ. ಆಮೇಲೆ ಮಾವ ಬಂಗಾಳಿಯಲ್ಲಿ ಮೆಲ್ಲಗೆ ಕೇಳುತ್ತಾ ಹೋದರು. ಸಂತೆಗೆ ಯಾವ ಕಡವಿನಲ್ಲಿ ದೋಣಿ ಹತ್ತುತ್ತಿದ್ದೆ? ಅಂಬಿಗ ಯಾರು? ನೀರು ಏರಿದಾಗ ದನ ಎಲ್ಲಿ ಕಟ್ಟುತ್ತಿದ್ದಿರಿ? ಒಂದೂವರೆ ಗಂಟೆ. ನಡುನಡುವೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳುತ್ತಿದ್ದರು. ಜಮಾಲನ ಊರು ನದಿಯ ನಡುವಿನ ಮರಳುದಿಬ್ಬ. ಒಂದು ಮಳೆಗಾಲದಲ್ಲಿ ನದಿ ಅದನ್ನು ನುಂಗಿತು. ಶಾಲೆಯ ಹೆಡ್‌ಮಾಸ್ತರರು ದಾಖಲೆ ಪುಸ್ತಕವನ್ನೂ ಗಂಟೆಯನ್ನೂ ದೋಣಿಯಲ್ಲಿಟ್ಟುಕೊಂಡು ಮುಂದಿನ ದಿಬ್ಬಕ್ಕೆ ಹೋಗಿ, ಅದೇ ಹೆಸರಿನಲ್ಲಿ ಶಾಲೆ ತೆರೆದರಂತೆ.

"ಗಂಟೆ ಎಂತದ್ದು ಕೇಳಿ" ಅಂದೆ ನಾನು, ಟೀಚರ ಬುದ್ಧಿ.

"ರೈಲು ಕಂಬಿಯ ತುಂಡಂತೆ."

ರೈಲೇ ಬಾರದ ಕೊಡಗಿನ ನನ್ನ ಶಾಲೆಯಲ್ಲೂ ಬಾರಿಸುವುದು ರೈಲು ಕಂಬಿಯ ತುಂಡೇ.

ಮಾವ ಎದ್ದು ಪೂವಯ್ಯನವರಿಗೆ ಹೇಳಿದರು: "ಇವನು ಸುಳ್ಳು ಹೇಳುತ್ತಿಲ್ಲ. ನಮ್ಮ ಕಾವಲು ಪೋಸ್ಟೇ ಒಮ್ಮೆ ನದಿಗೆ ಹೋಗಿತ್ತು, ಗಡಿಕಲ್ಲಿನ ಸಮೇತ. ಆ ಶಾಲೆಗೆ ನಾನೇ ಬರೀತೇನೆ." ಅದೇ ದಿನ ಇನ್ನೊಬ್ಬ ಕೆಲಸಗಾರನನ್ನೂ ಕೂರಿಸಿದ್ದರು. ಅವನು ಕಾಲು ಗಂಟೆಯಲ್ಲೇ ಅಳುತ್ತಾ, ತಾನು ಆಚೆ ಕಡೆಯವನು ಅಂತ ಒಪ್ಪಿಕೊಂಡ. "ಕಾನೂನಿನಂತೆ ಠಾಣೆಗೆ ತಿಳಿಸಿ. ಯಾರೂ ಅವನ ಮೈ ಮುಟ್ಟಬಾರದು" ಅಂದರು ಮಾವ. ಪೊಲೀಸರು ಬರುವವರೆಗೆ ಅವನ ಪಕ್ಕದಲ್ಲೇ ಕೂತಿದ್ದರು. ಮನೆಗೆ ಬಂದು ಮಧ್ಯಾಹ್ನದ ಊಟ ಬೇಡ ಅಂದರು. ಅವನನ್ನು ಹಿಡಿದುಕೊಟ್ಟಿರಿ ಅಂತ ನಾನು ಅವರ ಮೇಲೆ ಸಿಟ್ಟಾದೆ.

ಶಾಲೆಯಿಂದ ಉತ್ತರ ಬರುವವರೆಗೆ ಜಮಾಲನಿಗೆ ಊರಿನ ಇಬ್ಬರ ಜಾಮೀನು ಬೇಕು ಅಂದರು ಪೂವಯ್ಯ. ಇವನು ಗೊತ್ತು, ಕರೆದಾಗ ಹಾಜರುಪಡಿಸುತ್ತೇವೆ ಅಂತ ಬರೆದು ಸಹಿ ಹಾಕಬೇಕು. ಮೊದಲನೆಯ ಸಹಿ ಮಾವನದು. ಎರಡನೆಯದಕ್ಕೆ ಅವರು ನೇರ ನಮ್ಮ ಮನೆಗೆ ಬಂದರು. ಊರಿನಲ್ಲಿ ಹಕ್ಕಿಯ ಪರ ಇಷ್ಟು ಮಾತಾಡಿದವರು ಬೇರೆ ಯಾರಿದ್ದಾರೆ?

ಪೆನ್ನು ಕೈಯಲ್ಲಿ ಹಿಡಿದೆ. ಕಾಗದದಲ್ಲಿ ಮಾವನ ಪೂರ್ತಿ ಹೆಸರು, ಮನೆ ನಂಬರು, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ. ನನ್ನ ತಲೆಯಲ್ಲಿ ಪಿಂಚಣಿ ಬಂತು, ಠಾಣೆ ಬಂತು, ನಾಳೆ ಇವನು ಓಡಿಹೋದರೆ ಅನ್ನುವುದೂ ಬಂತು.

"ಅಲ್ಲ ಮಾವ, ಹೀಗೆ ಸಾಕ್ಷಿ ಕೇಳುವುದೇ ಅವಮಾನ ಅಲ್ಲವಾ? ತತ್ವದ ಪ್ರಶ್ನೆ ಇದು. ನಾನು ಸಹಿ ಹಾಕಿದರೆ ಈ ಪದ್ಧತಿಯನ್ನು ಒಪ್ಪಿದ ಹಾಗೆ..." ಅಂದೆ. ನನ್ನ ಕಿವಿಗೇ ಅದು ಬೇರೆ ಯಾರೋ ಮಾತಾಡಿದ ಹಾಗೆ ಕೇಳಿತು.

ಮಾವ ಕಾಗದವನ್ನು ನನ್ನ ಮುಂದಿನಿಂದ ಎತ್ತಿಕೊಂಡರು. "ಗುಡ್ಡ ಜಾರಿದ ವರ್ಷ ನಿನ್ನ ಚಿಕ್ಕಮ್ಮನ ಮಗಳ ಮನೆ ಮಣ್ಣಿನಡಿ ಹೋಯ್ತು. ಅಲ್ಲಿ ಮನೆ ಇತ್ತು, ನಾನು ಉಂಡಿದ್ದೇನೆ ಅಂತ ತಹಸೀಲ್ದಾರರ ಎದುರು ಸಹಿ ಹಾಕಿದವಳು ನೀನು. ಅವತ್ತು ಅವಮಾನ ಆಗಲಿಲ್ಲವಲ್ಲ."

"ಅವಳು ನಮ್ಮವಳು ಮಾವ."

"ಅದನ್ನೇ ಹೇಳು ಮತ್ತೆ" ಅಂದರು. ಕಾಗದ ಮಡಚಿ ಜೇಬಿಗಿಟ್ಟುಕೊಂಡರು. ಮೆಟ್ಟಿಲಿಳಿಯುವಾಗ ತಿರುಗಿ, ಸಿಟ್ಟಿಲ್ಲದೆ, ಹೇಳಿದರು: "ಭಯ ಆದರೆ ಭಯ ಅಂತ ಹೇಳು ಮಗು. ತತ್ವ ಅಂತ ಹೇಳಬೇಡ."

ಎರಡನೆಯ ಸಹಿ ಸಿಗಲಿಲ್ಲ. ಶನಿವಾರ ಬೆಳಿಗ್ಗೆ ಮಾವ ಜೀಪು ಮಾಡಿಕೊಂಡು ಲೈನಿಗೆ ಹೋಗಿ, ಜಮಾಲ್, ಅವನ ಹೆಂಡತಿ, ಮಗಳು, ಎರಡು ಗಂಟು, ಒಂದು ಒಲೆ, ಎಲ್ಲವನ್ನೂ ತಂದು ತಮ್ಮ ಹಿತ್ತಲಿನ ಸೌದೆ ಕೊಟ್ಟಿಗೆ ಖಾಲಿ ಮಾಡಿಸಿ ಇಳಿಸಿದರು. ಪ್ರತಿ ಸೋಮವಾರ ತಾವೇ ಜಮಾಲನನ್ನು ಠಾಣೆಗೆ ಕರೆದುಕೊಂಡು ಹೋಗಿ, ಇವನು ನನ್ನ ಮನೆಯಲ್ಲಿದ್ದಾನೆ ಅಂತ ಹೇಳಿ ಬರುತ್ತಿದ್ದರು. ಪೂಜೆ ಭಟ್ಟರ ಮನೆಯ ಹಿತ್ತಲಿನಲ್ಲಿ ಮೀನು ಹುರಿದ ವಾಸನೆಗೆ ಅತ್ತೆ ಮೂರು ದಿನ ಮಾತು ಬಿಟ್ಟರು. ನಾಲ್ಕನೆಯ ದಿನ ಆ ಮಗುವಿಗೆ ತಲೆ ಬಾಚಿ ಜಡೆ ಹಾಕುತ್ತಿದ್ದರು. ನಾನು ಒಂದು ತಿಂಗಳು ಆ ಕಡೆ ತಲೆ ಹಾಕಲಿಲ್ಲ, ಮಂಡಿ ನೋವು ಅಂತ ಹೇಳಿಕಳಿಸಿದೆ.

ಕೊನೆಗೂ ಶಾಲೆಯಿಂದ ಪತ್ರ ಬಂತು. ದಾಖಲೆ ಪುಸ್ತಕದ ಒಂದು ಹಾಳೆಯ ನಕಲು, ಜಮಾಲನ ಹೆಸರು, ಅವನ ಅಪ್ಪನ ಹೆಸರು. ಅಂಚಿನಲ್ಲಿ ನೀರು ತಾಗಿದ ಕಲೆ. ಠಾಣೆಯವರು ಅದನ್ನು ಹಿಡಿದು ಮತ್ತೆ ವಿಚಾರಿಸಿ, ಸರಿ ಇದೆ ಅಂದರು. ಜಮಾಲ್ ಲೈನಿಗೆ ವಾಪಸು ಹೋದ. ಮಾವ ಭಾನುವಾರದ ಕಾಫಿಗೆ ನನ್ನನ್ನು ಎಂದಿನಂತೆಯೇ ಕರೆದರು, ಆ ಸಹಿಯ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಹೋದ ವರ್ಷ ಅವರು ತೀರಿಕೊಂಡರು. ಕೊನೆಯ ದಿನಗಳಲ್ಲಿ ಅವರ ಕಾಲಿಗೆ ಸಾಸಿವೆ ಎಣ್ಣೆ ತಿಕ್ಕಲು ಜಮಾಲ್ ದಿನವೂ ಕೆಲಸ ಬಿಟ್ಟು ಬರುತ್ತಿದ್ದ.

ಇಗೋ, ಗೇಟಿನ ಸದ್ದಾಯಿತು. ಹತ್ತು ಗಂಟೆಗೆ ಸರಿಯಾಗಿ ಬಂದಿದ್ದಾನೆ. ಹಿಂದೆ ಒಬ್ಬ ಗಂಡ, ಒಬ್ಬಳು ಹೆಂಡತಿ, ಇಬ್ಬರೂ ಚಪ್ಪಲಿ ಗೇಟಿನ ಹೊರಗೇ ಬಿಟ್ಟಿದ್ದಾರೆ. ಲೈನಿಗೆ ಹೊಸಬರು, ಇವರಿಗೂ ಜಾಮೀನು ಬೇಕಂತೆ. ಇವರ ಊರನ್ನೂ ನದಿ ತಿಂದಿದೆಯಂತೆ.

"ನಾನು ಎರಡು ದಿನ ಕೇಳಿದೆ ಟೀಚರಮ್ಮ, ವಾಸು ಸಾಬ್ ಕೇಳಿದ ಹಾಗೇ" ಅಂದ ಜಮಾಲ್. "ಎಲ್ಲ ಸರಿ ಉಂಟು. ಹೋದ ತಿಂಗಳು ಇನ್ನೊಬ್ಬ ಬಂದಿದ್ದ. ಅವನ ಮಾತಲ್ಲಿ ನದಿ ಒಂದು ಕಡೆ, ಊರು ಒಂದು ಕಡೆ, ಕೂಡೋದೇ ಇಲ್ಲ. ಅವನನ್ನ ನಾನು ನಿಮ್ಮ ಹತ್ರ ಕರ್ಕೊಂಡು ಬರಲಿಲ್ಲ."

ನಾನೂ ಕೇಳಿದೆ. ಜಮಾಲ್ ಅತ್ತಿತ್ತ ಭಾಷೆ ದಾಟಿಸಿದ. ಕಡವು, ಸಂತೆ, ಶಾಲೆ, ದನ ಕಟ್ಟುವ ಜಾಗ. ಅರ್ಧ ಗಂಟೆ ಕೇಳಿದೆ. ಕೇಳುವುದು ಅವಮಾನ ಅಂತ ಈಗ ನನಗೆ ಅನ್ನಿಸುವುದಿಲ್ಲ. ಆ ಹೆಂಗಸು ಮೊದಲು ನೆಲ ನೋಡುತ್ತಾ ಉತ್ತರ ಕೊಟ್ಟವಳು, ಕೊನೆಕೊನೆಗೆ ತನ್ನೂರಿನ ಹೊಳೆಯನ್ನು ಕೈಯಾಡಿಸಿ ತೋರಿಸತೊಡಗಿದಳು. ಅವಳ ಊರನ್ನು ಬಹಳ ದಿನದಿಂದ ಯಾರೂ ಕೇಳಿರಲಿಲ್ಲವೋ ಏನೋ.

ಪೆನ್ನು ತೆಗೆದೆ. ಅವತ್ತಿನ ಹಾಗೆಯೇ ಪಿಂಚಣಿ, ಠಾಣೆ, ಎಲ್ಲ ಸಾಲಾಗಿ ಬಂದು ನಿಂತವು.

"ಜಮಾಲ್, ನನಗೆ ಭಯ ಆಗ್ತದೆ" ಅಂದೆ.

ಅವನು ಆಶ್ಚರ್ಯಪಡಲಿಲ್ಲ. "ಆಗ್ತದೆ ಟೀಚರಮ್ಮ. ನನ್ನ ಕಾಗದಕ್ಕೆ ಸೈನ್ ಮಾಡುವಾಗ ಸಾಬಿಗೂ ಆಗಿತ್ತಂತೆ. ಕೈ ನಡುಗಿತು, ಅದಕ್ಕೇ ಒಂದೊಂದೇ ಅಕ್ಷರ ಬರೆದೆ ಅಂತ ಅವರೇ ನನಗೆ ಹೇಳಿದ್ರು."

ಮಾವ ನನಗೆ ಅದನ್ನು ಹೇಳಿರಲಿಲ್ಲ. ಕನ್ನಡಕ ಒರೆಸಿಕೊಂಡೆ. ಆಮೇಲೆ ನನ್ನ ಪೂರ್ತಿ ಹೆಸರು, ಮನೆ ನಂಬರು, ಒಂದೊಂದೇ ಅಕ್ಷರವಾಗಿ ಬರೆದೆ.